ಮಗಳ ಗುದ್ದಾಟ, ನನ್ನ ನಡುಕ

ನಾನು ಹುಟ್ಟಾ ಅಂಜುಬುರುಕ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ. ಪಕ್ಕದ ಮನೆಯ ನಾಯಿ ಆಕಳಿಸಿದರೂ ದಾರಿ ಬದಲಿಸುತ್ತೇನೆ. ತಮಾಷೆಯೆಂದರೆ, ಇಂಥ ನಾನು ಹೊಟ್ಟೆ ಹೊರೆಯುವುದು ಊರಿಗೆಲ್ಲ ಅಂಜಿಕೆ ಹುಟ್ಟಿಸುವ ಕೆಲಸದಿಂದ. ಪುಣೆ ಕ್ಯಾಂಪಿನಲ್ಲಿ ನನ್ನದೊಂದು ಹಲ್ಲಿನ ದವಾಖಾನೆ ಇದೆ. ನಮ್ಮ ಹಳೆಯ ಲಾಕ್ಷಣಿಕರು ಭಯಾನಕ ರಸಕ್ಕೆ ಹೇಳಿದ ಗುರುತುಗಳನ್ನೆಲ್ಲ ನನ್ನ ಕುರ್ಚಿಯ ಮೇಲೆ ದಿನವೂ ನೋಡಬಹುದು: ಬಾಯಿ ಒಣಗುವುದು, ಅಂಗೈ ಬೆವರುವುದು, ದನಿ ಕಟ್ಟುವುದು. ಎಂಥ ಗಟ್ಟಿ ಆಳಾದರೂ ಕುರ್ಚಿ ಹಿಂದಕ್ಕೆ ವಾಲಿದ ಕೂಡಲೇ ಕಾಲ್ಬೆರಳು ಮಡಚುತ್ತಾನೆ. ಆಗ ನನಗೆ ಅವನ ಮೇಲೆ ಒಡಹುಟ್ಟಿದವನ ಮೇಲಿನಂಥ ಅಕ್ಕರೆ ಉಕ್ಕುತ್ತದೆ.

ಇಂಥವನ ಹೊಟ್ಟೆಯಲ್ಲಿ ಶಾಲ್ಮಲಾ ಹುಟ್ಟಿದಳು. ನಾವು ಧಾರವಾಡದವರು, ಊರಿನ ನೆನಪಿಗೆಂದು ಅಲ್ಲಿಯ ನದಿಯ ಹೆಸರಿಟ್ಟೆವು. ಆ ನದಿ ಸದ್ದಿಲ್ಲದೆ ಹುಟ್ಟಿ ಮುಂದೆ ಬಂಡೆಗಳ ಮೇಲೆ ಏನೇನು ಮಾಡುತ್ತದೆ ಎಂಬುದನ್ನು ಹೆಸರಿಡುವಾಗ ನಾನು ಯೋಚಿಸಿರಲಿಲ್ಲ. ಕಾಲೇಜಿನಲ್ಲಿದ್ದಾಗ ಗೆಳತಿಗೆ ಜೊತೆಯಾಗಲೆಂದು ವಿಮಾನ ನಗರದ ಒಂದು ಜಿಮ್ಮಿಗೆ ಹೋದವಳು ಜಿಯು-ಜಿತ್ಸು ಕಲಿಯತೊಡಗಿದಳು. ನೆಲದ ಮೇಲೆ ಹೊರಳಾಡುತ್ತ ಎದುರಾಳಿಯ ಕೈಯನ್ನೋ ಕುತ್ತಿಗೆಯನ್ನೋ ಪಟ್ಟಿನಲ್ಲಿ ಸಿಕ್ಕಿಸುವ ವಿದ್ಯೆ ಅದು. ಗುದ್ದುವಂತಿಲ್ಲ, ಒದೆಯುವಂತಿಲ್ಲ. ಸಿಕ್ಕಿಬಿದ್ದವರು ಅಂಗೈಯಿಂದ ತಟ್ಟಿದರೆ ಸಾಕು, ಹಿಡಿದವರು ಬಿಡಲೇಬೇಕು. ಈ ತಟ್ಟುವ ಪದ್ಧತಿ ನನಗೆ ಬಹಳ ಹಿಡಿಸಿತು. ಗಂಡಹೆಂಡಿರ ನಡುವೆಯೂ ಇಷ್ಟು ಮರ್ಯಾದಸ್ಥ ಜಗಳವನ್ನು ನಾನು ಕಂಡಿಲ್ಲ.

ಮಗಳು ರಾಷ್ಟ್ರಮಟ್ಟದಲ್ಲಿ ಚಿನ್ನ ಗೆದ್ದಳು, ಮರುವರ್ಷ ಮತ್ತೆ ಗೆದ್ದಳು. ಪದಕಗಳನ್ನು ದವಾಖಾನೆಯ ಗೋಡೆಗೆ ತೂಗುಹಾಕಿದೆ. ರೋಗಿಗಳು ಅವು ನನ್ನವೆಂದು ತಿಳಿದು ಬಾಯಿಯನ್ನು ಇನ್ನಷ್ಟು ಅಗಲ ತೆರೆದರು.

ಹೀಗೆ ನಾನು ಸುಖವಾಗಿದ್ದಾಗ ಒಂದು ಮುಂಜಾನೆ ಅವಲಕ್ಕಿ ತಿನ್ನುತ್ತ ಅವಳೆಂದಳು: "ಅಪ್ಪಾ, ನಾ ಇನ್ನ ಎಂಎಂಎ ಆಡ್ತೀನಿ."

ಅಂದರೆ ಜಾಲರಿಯ ಪಂಜರದೊಳಗಿನ ಕಾದಾಟ. ಅಲ್ಲಿ ಪಟ್ಟೂ ಹಾಕಬಹುದು, ಗುದ್ದಲೂಬಹುದು, ಒದೆಯಲೂಬಹುದು. ನನ್ನ ಚಮಚ ತಾಟಿಗೆ ಬಡಿದು ಸದ್ದಾಯಿತು.

"ಯಾಕವ್ವಾ? ಇದ್ದದ್ದು ಛಲೋ ನಡದದಲ್ಲ?"

"ಮಾರಿಗೆ ಗುದ್ದು ಬಿದ್ದ ಮ್ಯಾಲೂ ನಾ ಕಲ್ತ ಪಟ್ಟು ನೆನಪಿರ್ತಾವೋ ಇಲ್ಲೋ, ನೋಡಬೇಕು."

ನನ್ನ ಹೆಂಡತಿ ಗಿರಿಜಾ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅವಳಿಗೆ ಇದೊಂದು ನ್ಯಾಯವಾದ ಪ್ರಯೋಗವೆನಿಸಿತು. "ನೋಡ್ಲಿ ಬಿಡ್ರಿ. ನಿಮ್ಮ ಅಂಜಿಕಿ ನಿಮ್ಮ ಹತ್ರನ ಇಟಗೋರಿ," ಎಂದಳು. ಗುದ್ದು ಬಿದ್ದ ದವಡೆ ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಹಲ್ಲಿಗೆ ಹಾಕಿಕೊಳ್ಳುವ ಕವಚವನ್ನು ನಾನೇ ಮಾಡಿಕೊಡುತ್ತೇನೆಂದು ಕೂತೆ. ಅಚ್ಚು ತೆಗೆಯುವಾಗ ಕೈ ನಡುಗಿ ಅದು ಕೆಟ್ಟಿತು, ಮತ್ತೆ ತೆಗೆದೆ. ನನ್ನದೇ ಕುರ್ಚಿಯಲ್ಲಿ ಮಗಳು ನಿಶ್ಚಿಂತೆಯಿಂದ ಬಾಯಿ ತೆರೆದು ಮಲಗಿದ್ದಳು. ಕಾಲ್ಬೆರಳು ಮಡಚಿದವನು ನಾನು.

ಮೊದಲ ಪಂದ್ಯದಲ್ಲಿ ಅವಳು ಸೋತಳು. ಶುರುವಾಗಿ ಸ್ವಲ್ಪ ಹೊತ್ತಿಗೇ ಎಡಹುಬ್ಬಿನ ಮೇಲೆ ಒಂದು ಗುದ್ದು ಬಿತ್ತು. ಆಮೇಲೆ ಅವಳು ಮುಖಕ್ಕೆ ಕೈ ಅಡ್ಡ ಹಿಡಿದು, ಜಾಲರಿಗೆ ಒರಗಿ, ಬಗ್ಗಿ ನಿಂತೇಬಿಟ್ಟಳು. ಪಂಚರು ಪಂದ್ಯ ನಿಲ್ಲಿಸಿದರು. ಹುಬ್ಬಿಗೆ ಹೊಲಿಗೆ ಬಿತ್ತು.

ಹೊಲಿಗೆ ಬಿಚ್ಚಿದ ಮೇಲೂ ಅವಳು ಜಿಮ್ಮಿನ ಕಡೆ ತಲೆ ಹಾಕಲಿಲ್ಲ. ಒಳಗೊಳಗೇ ನಾನು ಹಿಗ್ಗಿದೆ. ಆದರೆ ಅವಳು ಅಲ್ಲಿ ಮಕ್ಕಳಿಗೆ ಕಲಿಸುವುದನ್ನೂ ಬಿಟ್ಟಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ತಟ್ಟನೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಗಿರಿಜಾಳಿಗೆ ಅದು ದಣಿವಾಗಿ ಕಂಡಿತು. ನಾನು ಆ ವಿಷಯದಲ್ಲಿ ಪಳಗಿದವನಾದ್ದರಿಂದ ಗುರುತಿಸಿದೆ. ಮಗಳು ಹೆದರಿದ್ದಳು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಅಂಜಿಕೆಯ ಏಕಮೇವ ಒಡೆಯನಾಗಿದ್ದವನಿಗೆ ಪಾಲುದಾರಳು ಸಿಕ್ಕಿದ್ದಳು, ಮತ್ತು ಅದರಿಂದ ನನಗೆ ಎಳ್ಳಷ್ಟೂ ಸಂತೋಷವಾಗಲಿಲ್ಲ. ಪಂಜರದೊಳಗೆ ಅವಳನ್ನು ಕಂಡಾಗಿನ ಭಯಕ್ಕಿಂತ ಸೋಫಾದ ಮೂಲೆಯಲ್ಲಿ ಮುದುಡಿ ಕೂತವಳನ್ನು ಕಂಡಾಗಿನ ಭಯ ದೊಡ್ಡದಿತ್ತು.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ನೋವಲ್ಲಪ್ಪಾ. ಅಂಜಿಕಿ. ಗುದ್ದು ಬಿತ್ತು, ಕಣ್ಣು ಮುಚ್ಚಿಬಿಟ್ಟೆ. ಒಂದು ಪಟ್ಟೂ ನೆನಪಾಗ್ಲಿಲ್ಲ. ನಿನ್ನ ಕಡೆ ಬರೋ ಮಂದಿಗೆ ನೀ ಏನ್ ಹೇಳ್ತಿ? ಅಂಜಬ್ಯಾಡ್ರಿ ಅಂತೀ ಏನು?"

"ಹಂಗಂದ್ರ ಇನ್ನಷ್ಟು ಅಂಜ್ತಾರ. ಅಂಜಿಕಿ ಆಗ್ತದ, ಆಗ್ಲಿ ಅಂತೀನಿ. ಉಸರಾಡ್ರಿ, ಕಣ್ಣು ತೆರದಿಡ್ರಿ ಅಂತೀನಿ."

"ಮತ್ತ ನೀ ಲಿಫ್ಟಿನ್ಯಾಗ?"

"ನಾ ಕಣ್ಣು ಮುಚ್ಚೇ ಇರ್ತೀನಿ."

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಮರುದಿನ ಚೀಲ ಹೆಗಲಿಗೇರಿಸಿ ಜಿಮ್ಮಿಗೆ ಹೊರಟಳು. ಮಗಳನ್ನು ಸಮಾಧಾನ ಮಾಡಲು ಹೋಗಿ ನಾನೇ ಅವಳನ್ನು ಪಂಜರಕ್ಕೆ ವಾಪಸು ಕಳಿಸಿದ್ದೆನೆಂದು ನನಗೆ ಹೊಳೆದದ್ದು ಬಾಗಿಲು ಮುಚ್ಚಿದ ಮೇಲೆ.

ಎರಡನೆಯ ಪಂದ್ಯಕ್ಕೆ ಎದುರಾಳಿ ಸಾತಾರಾದ ಕಡೆಯ ಹುಡುಗಿ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತ ಮೀಸೆಯ ಗೃಹಸ್ಥ ಅವಳ ತಂದೆ, ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ. ಮರಾಠಿಯಲ್ಲಿ ನಮಸ್ಕಾರ ಚಮತ್ಕಾರ ಮಾಡಿಕೊಂಡೆವು.

ಗುದ್ದು ಬಿತ್ತು, ಅದೇ ಎಡಗಡೆಗೆ. ನಾನು ಜಾಲರಿಯಾಚೆ ಮಗಳ ಕಣ್ಣುಗಳನ್ನೇ ನೋಡಿದೆ. ತೆರೆದಿದ್ದವು. ಮುಂದಿನ ಗುದ್ದಿನ ಕೆಳಗೆ ನುಸುಳಿ ಆ ಹುಡುಗಿಯನ್ನು ಕೆಡವಿದಳು, ಹೊರಳಿದಳು, ಅವಳ ತೋಳನ್ನು ತನ್ನ ಕಾಲುಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಚಾಚಿದಳು. ಇನ್ನು ತಟ್ಟುತ್ತಾಳೆ ಎಂದುಕೊಂಡೆ. ಹುಡುಗಿ ತಟ್ಟಲಿಲ್ಲ. ಹಲ್ಲು ಕಚ್ಚಿದ್ದಳು. ಮೊಳಕೈ ಬಾಗಬಾರದ ದಿಕ್ಕಿಗೆ ಬಾಗತೊಡಗಿತು. ಎಲುಬು ಮುರಿಯುವ ಸದ್ದು ನನ್ನ ಕಿವಿಯಲ್ಲಿ ಆಗಲೇ ಕೇಳಿದಂತಾಗಿ, ಎದ್ದು ನಿಂತು ಕನ್ನಡದಲ್ಲೇ ಕೂಗಿದೆ: "ತಟ್ಟವ್ವಾ, ತಟ್ಟು! ಸಾಕು!" ಅದೇ ಹೊತ್ತಿಗೆ ಪಕ್ಕದವರು ನನ್ನ ತೋಳು ಹಿಡಿದು, ನನ್ನ ಮಗಳಿಗೆ, "ಸೋಡ್ ಬಾಳಾ, ಸೋಡ್!" ಎಂದು ಬೇಡಿಕೊಳ್ಳುತ್ತಿದ್ದರು. ಬಿಡು ಮಗೂ, ಬಿಡು.

ಶಾಲ್ಮಲಾ ಇನ್ನಷ್ಟು ಜಗ್ಗಲಿಲ್ಲ. ಹಿಡಿದಷ್ಟನ್ನೇ ಹಿಡಿದು ಪಂಚರ ಮುಖ ನೋಡಿದಳು. ಅವರು ನಡುವೆ ಬಿದ್ದು ಬಿಡಿಸಿ, ಗೆದ್ದವಳೆಂದು ಶಾಲ್ಮಲಾಳ ಕೈ ಎತ್ತಿದರು. ಡಾಕ್ಟರು ಆ ಹುಡುಗಿಯ ಮೊಳಕೈ ಮಡಚಿ, ಚಾಚಿ, ಏನೂ ಆಗಿಲ್ಲವೆಂದ ಮೇಲೇ ನಾವಿಬ್ಬರೂ ಕೂತದ್ದು.

"ಅಕಿ ತಟ್ಟಲೇ ಇಲ್ಲಪ್ಪಾ," ಎಂದಳು ಮಗಳು ಜಾಲರಿಯ ಹತ್ತಿರ ಬಂದು, ಏದುಸಿರು ಬಿಡುತ್ತ. "ಎಲ್ಲೆ ಮುರೀತದೋ ಅಂತ ನನಗ ಭಾಳ ಅಂಜಿಕಿ ಆತು." ಗೆದ್ದವಳ ಗಲ್ಲ ನಡುಗುತ್ತಿತ್ತು. ಅದನ್ನು ಮುಚ್ಚಿಡುವ ಪ್ರಯತ್ನವನ್ನೇನೂ ಅವಳು ಮಾಡಲಿಲ್ಲ.

ಹುಡುಗಿಯರು ಬಟ್ಟೆ ಬದಲಿಸಿ ಬರುವವರೆಗೆ ನಾವು ತಂದೆಯರು ಹೊರಗಿನ ಚಹಾದ ಗಾಡಿಗೆ ಹೋದೆವು. ಒಳಗಿನ ಗದ್ದಲ ಕೇಳಿಸಿಕೊಂಡಿದ್ದ ಚಹಾದವನು, "ಕೋಣ್ ಜಿಂಕಲಂ?" ಎಂದು ಕೇಳಿದ. ಗೆದ್ದವರು ಯಾರು? ನಾನು ಸಂಕೋಚದಿಂದ ಬಾಯಿ ತೆರೆಯುವುದರೊಳಗೆ ಉಳ್ಳಾಗಡ್ಡಿ ವ್ಯಾಪಾರಿ ಮೀಸೆ ಒರೆಸಿಕೊಂಡು ಹೇಳಿದರು:

"ಮುಲಗೀ ಜಿಂಕಲೀ."

ಮಗಳು ಗೆದ್ದಳು. ಯಾರ ಮಗಳೆಂದು ಅವನು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಇನ್ನೊಂದೊಂದು ಚಹಾ ಹಾಕಿಸಿಕೊಂಡೆವು.