ಕೇಳದೆ ಬಿಟ್ಟ ಮೂರನೆಯ ಪ್ರಶ್ನೆ

ಅವರ ಕಿವಿಯ ಮಡಿಕೆಗಳಲ್ಲಿ ಸದಾ ಕೆಂಪು ಧೂಳು ಕೂತಿರುತ್ತಿತ್ತು. ಮಿಂದು, ಒಗೆದ ಖಾದಿ ಜುಬ್ಬಾ ತೊಟ್ಟು, ತಲೆ ಬಾಚಿಕೊಂಡು ಬಂದರೂ ಕಿವಿ ಮಾತ್ರ ಆಗಷ್ಟೇ ಬಸ್ಸಿಳಿದವರ ಕಿವಿ. ಶಿಕಾರಿಪುರದಲ್ಲಿ ನಮ್ಮ ಎದುರು ಮನೆಯವರು, ನಮ್ಮ ತಂದೆಯ ಸ್ನೇಹಿತರು, ನಮಗೆಲ್ಲ ಎಮ್ಮೆಲ್ಲೆ ಮಾವ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅವರು ಓಡಾಡಿದ್ದೆಲ್ಲ ಬಸ್ಸಿನಲ್ಲೇ, ಅದೂ ಹಿಂದಿನ ಸೀಟಿನಲ್ಲಿ. ಕಂಡಕ್ಟರು ಮುಂದೆ ಕರೆದರೆ, “ಬ್ಯಾಡಪ್ಪ, ಮುಂದೆ ಕೂತ್ರೆ ರಸ್ತೆ ಚೆನ್ನಾಗೈತೆ ಅನ್ನಿಸ್ತದೆ” ಎನ್ನುತ್ತಿದ್ದರು.

ಮನೆಗೆ ಬಂದವರನ್ನು ಅವರು ‘ಹೇಗಿದ್ದೀರಿ’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. “ಹ್ಯಾಗ್ ಬಂದ್ರಿ? ಎಲ್ಲಿಗಂಟ ನಡೆದ್ರಿ?” ಇಷ್ಟೇ. ಆನವಟ್ಟಿ ಸಂತೆಗೆ ಮೆಣಸಿನಕಾಯಿ ಹೊತ್ತು ನಡೆದವಳು, ಮಾಸ್ತರಿಲ್ಲದ ಸ್ಕೂಲಿನ ಊರಿನವರು, ಸೂಲಗಿತ್ತಿಯೂ ಇಲ್ಲದ ಹಳ್ಳಿಯವರು, ಎಲ್ಲರ ಉತ್ತರವೂ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಅಲ್ಲಿಂದ ಪ್ರಶ್ನೆಗಳಾಗಿ ಬೆಂಗಳೂರಿಗೆ. ಅಧಿವೇಶನ ಮುಗಿಸಿ ಬಂದ ದಿನ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಜಗಲಿಯಲ್ಲಿ ಮಲಗುತ್ತಿದ್ದರು. “ಏನ್ ತಂದ್ರಿ?” ಎಂದು ತಂದೆ ಕೇಳಿದರೆ, “ಪರಿಶೀಲನೆಯಲ್ಲಿದೆ ಅನ್ನೋದು ನಾಕು ತಂದಿದೀನಿ. ನಿಮಗೊಂದು ಬೇಕಾ?” ಎನ್ನುವರು. ಅವರ ಹೆಂಡತಿ, ನಮ್ಮ ಅತ್ತೆ, ಒಳಗಿನಿಂದಲೇ, “ಮಗಳ ಮದುವೆ ಯಾವಾಗ ಅಂತಾನೂ ಒಂದು ಪ್ರಶ್ನೆ ಹಾಕ್ರಿ ನಿಮ್ಮ ಸಭೇಲಿ. ಉತ್ರ ಬಂದ್ರೆ ನಾನೂ ತಿಳ್ಕಳ್ತೀನಿ!” ಎಂದು ಚುಚ್ಚುತ್ತಿದ್ದರು.

ನಾನಾಗ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದು ಮುಗಿಸಿ ಮನೆಗೆ ಬಂದಿದ್ದೆ. ಮುಂದೆ ಕಾಲೇಜಿಲ್ಲ, ಗಂಡು ನೋಡುತ್ತಿದ್ದರು. ನಮ್ಮ ಬೀದಿಯಲ್ಲಿ ಸಲೀಸಾಗಿ ಇಂಗ್ಲಿಷ್ ಬರೆಯುತ್ತಿದ್ದವಳು ನಾನೊಬ್ಬಳೇ. ಪ್ರಶ್ನೆಗಳನ್ನು ಕನ್ನಡದಲ್ಲೇ ಕಳಿಸಬಹುದಿತ್ತು, ಆದರೆ ಇಂಗ್ಲಿಷಿನಲ್ಲಿ ಹೋದ ಕಾಗದವನ್ನು ಆಫೀಸಿನವರು ಬೇಗ ಕೈಗೆತ್ತಿಕೊಳ್ಳುತ್ತಾರೆ ಎಂಬ ನಂಬಿಕೆ ಅವರಿಗೆ. ಅವರು ಕನ್ನಡದಲ್ಲಿ ಬರೆದದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಫೇರ್ ಕಾಪಿ ಮಾಡುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು. ಇಂಗ್ಲಿಷ್ ಓದುವುದು ಅವರಿಗೆ ಕಷ್ಟ. ನನ್ನ ಮೇಲೆ ಅಷ್ಟು ಟ್ರಸ್ಟ್.

ಅವರ ಪ್ರತಿ ಪ್ರಶ್ನೆಗೂ ಮೂರು ಭಾಗ. (ಅ) ಈ ಸಂಗತಿ ಸರ್ಕಾರಕ್ಕೆ ಗೊತ್ತಿದೆಯೇ? (ಆ) ಗೊತ್ತಿದ್ದರೆ ಏನು ಮಾಡುತ್ತೀರಿ? (ಇ) ಯಾವತ್ತಿನಿಂದ? “ಮೊದಲೆರಡಕ್ಕೆ ಯಾರು ಬೇಕಾದ್ರೂ ಉತ್ರ ಬರೀತಾರೆ ಮಗಾ. ಮೂರನೇದಕ್ಕೆ ಎದ್ದು ಹೋಗಿ ಕ್ಯಾಲೆಂಡರ್ ನೋಡ್ಬೇಕು” ಎನ್ನುತ್ತಿದ್ದರು.

ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಆಮೇಲೆ ಜನಕ್ಕೂ ಜ್ವರ ಹತ್ತಿದ ಬೇಸಿಗೆ ಕಳೆದಿತ್ತು. ಆ ಮಳೆಗಾಲದಲ್ಲಿ ಕೆರಿಯಪ್ಪ ಎಂಬ ರೈತ, ಅವರ ಕ್ಷೇತ್ರಕ್ಕೇ ಸೇರಿದ್ದ ಸೊರಬದ ಕಡೆಯಿಂದ ಬಂದ. ಉಳವಿಯಿಂದಾಚೆ ಕಾಡಂಚಿನ ಹಳ್ಳಿ ಅವನದು. ಬಸ್ಸು ಬರುತ್ತಿದ್ದದ್ದು ಉಳವಿಯವರೆಗೆ, ದಿನಕ್ಕೊಮ್ಮೆ. ಜ್ವರ ಬಂದ ತಮ್ಮನನ್ನು ಸೊರಬದ ಆಸ್ಪತ್ರೆಗೆ ಸೇರಿಸಲು ಕಂಬಳಿಯ ಜೋಲಿ ಕಟ್ಟಿ ಹೊತ್ತುತಂದಿದ್ದರಂತೆ.

“ಉಳವೀಗ್ ಬರೋದ್ರಾಗೆ ಬಸ್ ಹೋಗಿತ್ತು ಸ್ವಾಮಿ. ಮಾರನೆ ದಿನದ ಬಸ್ಸಿಗೆ ಕಾಯ್ಕಂಡ್ ಕುಂತ್ವಿ. ಅವ್ನು ಕಾಯ್ಲಿಲ್ಲ” ಎಂದ ಕೆರಿಯಪ್ಪ. “ಬ್ಯಾಸ್ಗೀಗೆ ಜ್ವರ ಮತ್ತೆ ಬರ್ತೈತಂತೆ. ಮನೇಲಿ ಹೆಂಡ್ತಿ ಅದಾಳೆ, ಸಣ್ಣ ಮಗಳದಾಳೆ. ಅಷ್ಟರಾಗೆ ನಮ್ಮೂರಿಗಂಟ ಬಸ್ ಬರಂಗೆ ಮಾಡ್ರಿ.”

ಎಮ್ಮೆಲ್ಲೆ ಮಾವ ಬಸ್ಸು ತರಿಸುವ ಮಾತು ಕೊಡಲಿಲ್ಲ, “ಕೇಳ್ತೀನಿ” ಎಂದರಷ್ಟೇ. ಅವನ ಜೊತೆಗೇ ಹೋಗಿ, ಉಳವಿಯಿಂದ ಆ ಹಳ್ಳಿಯವರೆಗೆ ನಡೆದು, ಕೆಸರಾದ ಪಂಚೆಯಲ್ಲಿ ವಾಪಸ್ ಬಂದು ಪ್ರಶ್ನೆ ಬರೆದರು.

ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮಧ್ಯಾಹ್ನ ನನಗೆ ಇಂದಿಗೂ ನೆನಪಿದೆ. ‘ಯಾವತ್ತಿನಿಂದ?’ ಎಂಬಲ್ಲಿ ಪೆನ್ನು ನಿಂತಿತು. ದೊಡ್ಡವರನ್ನು ಹೀಗೆ ‘ವೆನ್?’ ಎಂದು ಕೇಳುವುದು ರೂಡ್ ಎಂದು ಸಿಸ್ಟರ್ ಕಲಿಸಿದ್ದರು. ಹಿಂದಿನ ಪ್ರಶ್ನೆಗಳಲ್ಲೆಲ್ಲ ಅದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿತ್ತು. ಈ ಸಲ ಮೂರನೆಯ ಭಾಗವನ್ನು ಬಿಟ್ಟೇಬಿಟ್ಟೆ. ಎರಡನೆಯದರಲ್ಲಿ, ಬಸ್ಸು ಮುಂದುವರಿಸುವುದನ್ನು ಸರ್ಕಾರ ‘ಕೈಂಡ್ಲಿ ಕನ್ಸಿಡರ್’ ಮಾಡುವುದೇ ಎಂದು ಬರೆದೆ. ಬರೆದದ್ದನ್ನು ನಾನೇ ಎರಡು ಸಲ ಓದಿ ಖುಷಿಪಟ್ಟೆ. ಅವರು ಸಹಿ ಹಾಕಿದರು.

ಉತ್ತರ ಬಂದದ್ದು ಚಳಿಗಾಲದಲ್ಲಿ. (ಎ) ಹೌದು. (ಬಿ) ಪರಿಗಣಿಸಲಾಗುವುದು. ಟೈಪ್ ಮಾಡಿದ ಇಂಗ್ಲಿಷಿನ ಎರಡೇ ಸಾಲು. ಅವರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಮೂರನೇದೆಲ್ಲಿ ಮಗಾ?”

ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಜುಬ್ಬಾದ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

“ಪೊಲೈಟಾಗಿ ಕೇಳಿದ್ವಿ. ಪೊಲೈಟಾಗಿ ಹೇಳಿದಾರೆ.”

ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಲಿಖಿತ ಉತ್ತರ ಬಂದರೆ ಮುಗಿಯಿತು, ಸಭೆಯಲ್ಲಿ ಎದ್ದು ನಿಂತು ಮರುಪ್ರಶ್ನೆ ಹಾಕುವಂತಿಲ್ಲ. ಮತ್ತೆ ಕೇಳಲು ಮುಂದಿನ ಅಧಿವೇಶನವೇ ಬರಬೇಕು. ಆ ನಡುವೆ ಬೆಂಗಳೂರಿಗೆ ಎರಡು ಸಲ ಹೋಗಿ ಆಫೀಸುಗಳ ಮುಂದೆ ಕೂತು ಬಂದರು. “ಆಗಲ್ಲ ಅಂತ ಒಬ್ರೂ ಅನ್ಲಿಲ್ಲ. ಅದೇ ಕಷ್ಟ” ಎಂದು ಹೇಳಿ ಕಣ್ಣಿಗೆ ಬಟ್ಟೆ ಹಾಕಿಕೊಂಡರು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಕೆರಿಯಪ್ಪ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಜಗಲಿಗೆ ಬಂದ. ಜ್ವರ ಹತ್ತಿದ ಹೆಂಡತಿ ಉಳವಿಯ ದಾರಿಯಲ್ಲಿ, ಜೋಲಿಯಲ್ಲೇ, ತೀರಿಹೋಗಿದ್ದಳು. ಅತ್ತೆ ಕೊಟ್ಟ ಮಜ್ಜಿಗೆಯ ಲೋಟ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ.

“ಬಸ್ ಕೇಳ್ತೀನಿ ಅಂದಿದ್ರಲ್ಲ ಸ್ವಾಮಿ. ಕೇಳಿದ್ರಾ?”

ಎಮ್ಮೆಲ್ಲೆ ಮಾವ ನನ್ನ ಕಡೆ ನೋಡಲಿಲ್ಲ. “ಕೇಳಿದ್ದೆ ಕೆರಿಯಪ್ಪ. ಸರಿಯಾಗಿ ಕೇಳ್ಲಿಲ್ಲ. ತಪ್ಪು ನಂದು.”

“ನೀವೇ ಸರಿಯಾಗ್ ಕೇಳ್ದಿದ್ರೆ ಇನ್ಯಾರ್ ಕೇಳ್ತಾರ್ರೀ?” ಎಂದು ಅವನು ಮಜ್ಜಿಗೆ ಮುಟ್ಟದೆ ಇಳಿದುಹೋದ.

ಮುಂದಿನ ಪ್ರಶ್ನೆಯನ್ನು ಅವರು ಕನ್ನಡದಲ್ಲೇ, ತಮ್ಮ ಕೈಯಲ್ಲೇ ಬರೆದು, ಚುಕ್ಕೆ ಗುರುತಿನಲ್ಲಿ ಹಾಕಿದರು. ಎದ್ದು ನಿಂತು ‘ಯಾವತ್ತಿನಿಂದ’ ಎಂದು ಮೂರು ಸಲ ಕೇಳಿದರಂತೆ. ಯಾವ ತಿಂಗಳಿನಿಂದ ಎಂದು ಮಂತ್ರಿಯ ಬಾಯಿಂದ ಹೇಳಿಸಿಯೇ ಕೂತರಂತೆ. ಮರುವರ್ಷ ಬಸ್ಸು ಬಂತು. ಬಂದ ದಿನ ಅವರ ಮುಖದಲ್ಲಿ ಗೆದ್ದ ಗೆಲುವೇನೂ ಇರಲಿಲ್ಲ.

ಮೊದಲ ಬಸ್ಸಿನಲ್ಲಿ ಹಟ ಮಾಡಿ ನಾನೂ ಹೊರಟೆ. ಕೆರಿಯಪ್ಪನಿಗೆ ನಿಜ ಹೇಳಿಬಿಡಬೇಕೆಂದು ತೀರ್ಮಾನಿಸಿದ್ದೆ. ಉಳವಿ ದಾಟುವಾಗ ಹಿಂದಿನ ಸೀಟಿನಲ್ಲಿ ಕೂತು ಅವರಿಗೆ ಅದನ್ನು ತಿಳಿಸಿದೆ.

“ಹೇಳಿದ್ರೆ ನೀನು ಹಗುರಾಗ್ತೀಯ ಮಗಾ. ಅವನಿಗೇನು ಸಿಗ್ತದೆ? ಬೈಯಾಕೆ ಒಬ್ಬ ಎಮ್ಮೆಲ್ಲೆ ಇದಾನೆ. ಅದನ್ನೂ ಕಿತ್ಕಂಡು, ಒಂದು ಹುಡುಗೀನ ಬೈಯೋ ಹಂಗೆ ಮಾಡ್ತೀಯಾ?”

ಹಳ್ಳಿಯಲ್ಲಿ ಇಳಿದೆವು. ಕೆರಿಯಪ್ಪ ಬಸ್ಸನ್ನು ಸುತ್ತು ಹಾಕಿ ನೋಡಿದ, ಟೈರನ್ನು ಒಮ್ಮೆ ಮುಟ್ಟಿದ. “ಬಂತು ಬಿಡ್ರಿ” ಎಂದ. ನಾನು ಬಾಯಿ ಬಿಡಲಿಲ್ಲ. ಬಸ್ಸಿದ್ದಿದ್ದರೆ ಅವನ ಹೆಂಡತಿ ಉಳಿಯುತ್ತಿದ್ದಳೇ? ಆ ಜ್ವರಕ್ಕೆ ಆಸ್ಪತ್ರೆಯಲ್ಲೂ ಔಷಧಿ ಇರಲಿಲ್ಲ ಎಂದು ಆಮೇಲೆ ಓದಿದ್ದೇನೆ. ಓದಿ ಸಮಾಧಾನವೇನೂ ಆಗಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಆ ಹಳ್ಳಿಯಲ್ಲೇ ವೋಟು ಕಡಿಮೆ ಬಿತ್ತೆಂದು ತಂದೆ ಸಿಟ್ಟಾದರೆ, “ಅವರ ಲೆಕ್ಕ ಸರಿಯಾಗೇ ಐತೆ ಬಿಡ್ರಿ” ಎಂದಷ್ಟೇ ಹೇಳಿದರು. ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಆ ಜಗಲಿಯಲ್ಲೇ ತೀರಿಕೊಂಡರು. ನಾನು ಗಂಡನ ಮನೆಯಿಂದ ಬರುವಷ್ಟರಲ್ಲಿ ಅಂಗಳದ ತುಂಬ ಜನ.

ಸೊರಬದ ಕಡೆಯವರ ನಡುವೆ ಕೆರಿಯಪ್ಪನೂ ಇದ್ದ. ಪಕ್ಕದಲ್ಲಿ ಲಂಗ ದಾವಣಿಯ ಹುಡುಗಿ. ಅವನು ಹೆಣದ ಕಾಲ ಬಳಿ ನಿಂತು ಮಗಳಿಗೆ ಮೆಲ್ಲಗೆ ಹೇಳಿದ:

“ನಿಮ್ಮವ್ವನ ವಿಷಯದಾಗೆ ಇವ್ರು ತಪ್ಪು ಮಾಡಿದ್ರು. ತಪ್ಪು ನಂದೇ ಅಂತ ಬಾಯಿ ಬಿಟ್ಟು ಹೇಳಿದ್ರು. ಹಂಗೆ ಹೇಳಿದೋರು ಇವ್ರೊಬ್ರೇ. ಕೈ ಮುಗಿಯವ್ವ.”

ಆ ಹುಡುಗಿ ಬಗ್ಗಿ ಅವರ ಪಾದ ಮುಟ್ಟಿದಳು. ಹಿಂದೆ ಸರಿಯುವಾಗ ಅವಳ ಭುಜ ನನಗೆ ತಾಗಿತು. ನಾನು ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟೆ.