ಹೆಪ್ಪಿಗೆ ಇಟ್ಟ ಎಡೆ

ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ಕೈಯಲ್ಲಿ ಬೆಳೆದು ಬದುಕಿ ಉಳಿದದ್ದು ಮನೆಯಲ್ಲಿ ಒಂದೇ ಒಂದು. ಹಳೆಯ ಎಣ್ಣೆ ಡಬ್ಬಿಯಲ್ಲಿದ್ದ ಬೂದುಬಣ್ಣದ ನೀರು. ಸೀರೆ, ಬಳೆ, ಫೋಟೊ ಎಲ್ಲ ಇವೆ, ಇಟ್ಟಲ್ಲಿ ಬಿದ್ದಿರುತ್ತವೆ. ಡಬ್ಬಿಯ ನೀರು ಹಾಗಲ್ಲ, ಅದಕ್ಕೆ ಉಣ್ಣಲು ಬೇಕಿತ್ತು. ನಮಗೆ ಮಕ್ಕಳಾಗಲಿಲ್ಲ. ಊರವರು ನಗಲಿ ಬಿಡಲಿ, ಆ ಡಬ್ಬಿಯನ್ನು ಮಾತ್ರ ಸಾಯಗೊಡಬಾರದು ಎಂಬ ಹಟವೊಂದೇ ಆ ವರ್ಷ ನನ್ನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಅದರಲ್ಲಿದ್ದದ್ದು ಜೀವಾಣು. ಬೇರಿಗೆ ಅಂಟಿಕೊಂಡು ಗಿಡ ಬೆಳೆಸುವ, ಕಣ್ಣಿಗೆ ಕಾಣದ ಜೀವಗಳು. ಅವಳು ನಿಪ್ಪಾಣಿಯ ಕಾಲೇಜಿನಲ್ಲಿ ಅದನ್ನೇ ಓದಿದವಳು. ಕೊಗನೊಳ್ಳಿಯ ನನ್ನ ಸೋದರತ್ತೆಗೆ ಒಬ್ಬಳೇ ಮಗಳು. ನನ್ನನ್ನು ಕಟ್ಟಿಕೊಂಡು ಐಗಳಿಗೆ ಬಂದಳು. ಬಂದವಳು ನಮ್ಮ ದ್ರಾಕ್ಷಿ ತೋಟದ ಒಂದು ಹಿಡಿ ಮಣ್ಣು ಮೂಸಿ ಮೂಗು ಮುರಿದಳು.

"ಇದೇನ್ರಿ, ಮಣ್ಣೋ ಗೊಬ್ಬರದ ಗೋದಾಮೋ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮೂರ ತಂಬಾಕಿನ ವಾಸನಿ ಕುಡದ ಮೂಗಿಗೆ ನಮ್ಮ ಮಣ್ಣು ಏನ ತಿಳೀತದ?" ಎಂದೆ. ಅವಳು ಕಿಸಕ್ಕನೆ ನಕ್ಕಳು. ಇಡೀ ಸಂಸಾರ ಹಾಗೆಯೇ ನಡೆಯಿತು, ನಾನು ಹಾರಾಡುವುದು, ಅವಳು ನಗುವುದು.

ತೋಟದ ಒಂದು ಮೂಲೆಯ ಕಲ್ಲುನೆಲದಲ್ಲಿ ನಾನು ಗೊಬ್ಬರ ಹಾಕುವುದನ್ನೇ ಬಿಟ್ಟಿದ್ದ ಒಂದು ಬಳ್ಳಿ ಇತ್ತು. ಸಾಯಬೇಕಾದದ್ದು ಹಚ್ಚಗೆ ನಿಂತಿತ್ತು. ಅವಳು ಅದರ ಬುಡ ಕೆದರಿ, ಬೇರಿನ ಮಣ್ಣು ತೆಗೆದುಕೊಂಡು ಚಿಕ್ಕೋಡಿಗೆ ಹೋದಳು. ಅಲ್ಲಿ ಅವಳ ಗೆಳತಿಯೊಬ್ಬಳು ಮಣ್ಣು ಪರೀಕ್ಷೆಯ ಲ್ಯಾಬ್ ಇಟ್ಟಿದ್ದಾಳೆ. ಇಬ್ಬರೂ ಸೇರಿ ಆ ಮಣ್ಣಿನಿಂದ ಜೀವಾಣುವನ್ನು ಬೇರೆ ಮಾಡಿ, ಬೆಳೆಸಿ, ಸಣ್ಣ ಬಾಟಲಿಯಲ್ಲಿ ತುಂಬಿ ತಂದರು. ಅದೇ ನಮ್ಮ ಡಬ್ಬಿಗೆ ಬಂತು. ಹಾಲಿಗೆ ಹೆಪ್ಪು ಹಾಕಿದಂತೆ ಡ್ರಮ್ಮಿನ ನೀರಿಗೆ ಅದರಿಂದ ಒಂದು ಲೋಟ ಹಾಕಿ ಬೆಳೆಸಿ ತೋಟಕ್ಕೆ ಬಿಡುತ್ತಿದ್ದಳು. ಹಾಗಾಗಿ ಅದಕ್ಕೆ ಹೆಪ್ಪು ಎಂದೇ ಹೆಸರಾಯಿತು.

ಮೊದಲ ಸಲ ತೋಟಕ್ಕೆ ಬಿಟ್ಟಾಗ ಏನೂ ಆಗಲಿಲ್ಲ. ನನಗೋ ಹಬ್ಬ. "ಕಾಣದ ಹುಳಕ್ಕ ಬೆಲ್ಲ ಹಾಕ್ತಿ, ಕಣ್ಣಿಗೆ ಕಾಣೋ ಗಂಡಗ ಟೈಮಿಗೆ ಚಹಾ ಇಲ್ಲ," ಎಂದು ಆಳುಗಳ ಮುಂದೆಯೇ ಆಡಿಕೊಂಡೆ. ಅವಳು ಕೊಟ್ಟಿಗೆಯ ಮೂಲೆಗೆ ಹೋಗಿ, ನಾನು ಸುರಿದು ಖಾಲಿ ಮಾಡಿದ್ದ ಡಿಎಪಿ ಗೊಬ್ಬರದ ಚೀಲಗಳನ್ನು ತಂದು ನನ್ನ ಮುಂದೆ ಒಗೆದಳು.

"ಮಣ್ಣಾಗ ಗಿಡಕ್ಕ ಬೇಕಾದ ರಂಜಕ ಮೊದಲs ಐತ್ರಿ. ಕೀಲಿ ಹಾಕಿದಂಗ ಕಲ್ಲಿನಾಗ ಕುಂತೈತಿ. ಹಸಿವಾದ್ರ ಇವು ಹುಳಿ ಬಿಟ್ಟು ಅದನ್ನ ಕರಗಸ್ತಾವ. ತಾವೂ ಉಣ್ತಾವ, ಬೇರಿಗೂ ಉಣಸ್ತಾವ. ನೀವು ಹಿಂಗ ಗಂಗಾಳದ ತುಂಬ ಬಡಿಸಿ ಇಟ್ರ ಯಾಕ ದುಡದಾವು? ಕುಂತು ಉಣ್ತಾವ ಅಷ್ಟ. ನಿಮ್ಮ ಕಾಕಾನಂಗ."

ನಮ್ಮ ಕಾಕಾನ ಮಾತು ಸುಳ್ಳಲ್ಲವಾದ್ದರಿಂದ ನಾನು ಒಪ್ಪಿಕೊಂಡೆ. ಅಂಚಿನ ಎರಡು ಸಾಲು ಬಳ್ಳಿಗೆ ಚೀಲದ ಗೊಬ್ಬರ ಹೆಚ್ಚುಕಡಿಮೆ ನಿಲ್ಲಿಸಿ, ಹೆಪ್ಪಿನ ನೀರು ಬಿಡುವುದೆಂದು ಕರಾರಾಯಿತು. ಮುಂದಿನ ಹಂಗಾಮಿನಲ್ಲಿ ಅವಳು ನನ್ನನ್ನು ಕೈಹಿಡಿದು ಎಳೆದೊಯ್ದು ಮಣ್ಣು ಸರಿಸಿ ತೋರಿಸಿದಳು. ಬಿಳಿ ಬೇರು, ಶ್ಯಾವಿಗೆ ಒಣಹಾಕಿದಂತೆ. "ಸೋತೆ ಅನ್ರಿ," ಎಂದಳು. "ಸೋತೆನವ್ವಾ ತಾಯಿ," ಎಂದು ಆಳುಗಳ ಮುಂದೆಯೇ ಕೈಮುಗಿದೆ. ಆ ದಿನವೆಲ್ಲ ನಕ್ಕಳು, ಅಡುಗೆ ಮಾಡುತ್ತಲೂ ನಕ್ಕಳು. ಅಷ್ಟು ಸಣ್ಣ ಮಾತಿಗೆ ಅಷ್ಟು ಸುಖಪಡುವ ಜೀವವನ್ನು ನಾನು ಬೇರೆ ನೋಡಿಲ್ಲ.

ಹೆಪ್ಪಿಗೆ ಊಟ ಹಾಕುವ ಕೆಲಸಕ್ಕೆ ಮಾತ್ರ ನನ್ನನ್ನು ಸೇರಿಸುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಗೋಲಿಯಷ್ಟು ಬೆಲ್ಲ, ರಂಜಕವಿರುವ ಕಲ್ಲಿನ ಪುಡಿ ಒಂದು ಚಿಟಿಕೆ, ಅಷ್ಟೇ. ನನಗೆ ಅದನ್ನು ನೋಡಿದರೆ ಕನಿಕರ. ಇನ್ನಷ್ಟು ಹಾಕೇ ಎಂದರೆ ಬೈಯುತ್ತಿದ್ದಳು. "ನಿಮ್ಮ ಕೈ ದೊಡ್ಡದೈತಿ, ದೂರ ಇರ್ರಿ. ಹೆಚ್ಚಾದ್ರ ಹುಚ್ಚರಂಗ ತಿಂದು ಬೆಳೀತಾವ. ಉಸಿರು ಸಾಲೂದಿಲ್ಲ. ತಾವು ಬಿಟ್ಟ ಹುಳಿಯಾಗ ತಾವs ಸಾಯ್ತಾವ. ಆಮ್ಯಾಲೆ ಕಂಡಕಂಡವು ಬಂದು ಕೂಡ್ತಾವ." ಅತಿಯಾದರೆ ಅಮೃತವೂ ವಿಷ ಎಂದು ಎಲ್ಲರೂ ಹೇಳುತ್ತಾರೆ, ಅವಳು ಅದನ್ನು ಡಬ್ಬಿಯಲ್ಲಿಟ್ಟು ಸಾಕಿದ್ದಳು.

ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಎರಡನೇ ದಿನಕ್ಕೇ ಮೈಮೇಲೆ ಕೆಂಪು ಗುಳ್ಳೆ ಎದ್ದವು. ನಮ್ಮ ಕಡೆಯವರೆಲ್ಲ ಒಯ್ಯುವಂತೆ ಮಿರಜಿಗೆ ಒಯ್ದೆವು. ಗಾಡಿ ಕಾಗವಾಡ ದಾಟುವಾಗ ಅವಳು ಕಣ್ಣು ತೆರೆದು, "ಡಬ್ಬಿಗೆ ನೀವು ಬೆಲ್ಲ ಹಾಕಬ್ಯಾಡ್ರಿ. ನಾ ಬಂದು ಹಾಕ್ತೀನಿ," ಎಂದಳು. ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ಅವಳು ಬರಲಿಲ್ಲ. ಆಗಿನಿಂದ ಕಾಗವಾಡದ ಆ ರಸ್ತೆಯಲ್ಲಿ ನಾನು ಹೋಗುವುದಿಲ್ಲ, ಸುತ್ತು ಬಳಸಿಯೇ ಹೋಗುತ್ತೇನೆ.

ದಿನಕರ್ಮವೆಲ್ಲ ಮುಗಿದು ಬಂದವರೆಲ್ಲ ಹೋದ ಮೇಲೆ ಡಬ್ಬಿಯ ನೆನಪಾಯಿತು. ಅವಳ ಮಾತು ಕೇಳಿ ಬೆಲ್ಲ ಹಾಕಿರಲೇ ಇಲ್ಲ. ಸತ್ತೇ ಹೋಯಿತೆಂದುಕೊಂಡು ಬಾಟಲಿಯಲ್ಲಿ ಒಂದಿಷ್ಟು ತುಂಬಿಕೊಂಡು ಚಿಕ್ಕೋಡಿಗೆ ಓಡಿದೆ. ಗೆಳತಿ ಅದರ ಹನಿಯನ್ನು ಹಾಲಿನಂಥ ಬಿಳಿ ತಟ್ಟೆಯ ಮೇಲೆ ಸವರಿಟ್ಟು, ಕೆಲವು ದಿನ ಬಿಟ್ಟು ಕರೆದಳು. ತಟ್ಟೆಯ ತುಂಬ ಸಣ್ಣ ಚುಕ್ಕೆಗಳು, ಒಂದೊಂದರ ಸುತ್ತಲೂ ತಿಳಿಯಾದ ಉಂಗುರ.

"ಬದುಕ್ಯಾವ್ರಿ ಅಣ್ಣಾ. ಉಂಗುರ ನೋಡ್ರಿ, ರಂಜಕ ಕರಗಿಸ್ಯಾವ. ಹಸಿವಿನಾಗ ಇವು ಸಾಯೂದಿಲ್ಲ, ಮೈ ಮುದುಡಿಕೊಂಡು ಕಾಯ್ತಾವ."

ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಗಂಡಸು ಎಂಬುದನ್ನೂ ಮರೆತು ಅತ್ತೆ. ಗೆಳತಿ ತನ್ನ ಲ್ಯಾಬಿನಲ್ಲಿ ತೆಗೆದಿಟ್ಟಿದ್ದ ಬಾಟಲಿ ಫ್ರಿಜ್ ಕೆಟ್ಟಾಗಲೇ ಹಾಳಾಗಿತ್ತಂತೆ. "ಹೊಸಾ ಫ್ರಿಜ್ ಬರಲಿ, ಮತ್ತೊಂದು ಬಾಟಲಿ ತೆಗೆದಿಡೂಣು. ಅಲ್ಲೀತನಕ ನಿಮ್ಮ ಡಬ್ಬಿ ಒಂದs ಉಳದದ್ದು, ಜ್ವಾಕಿ," ಎಂದಳು. ಆ ಫ್ರಿಜ್ ವರ್ಷವಾದರೂ ಬರಲಿಲ್ಲ, ನಾನೇ ಜೋಪಾನ ಮಾಡಿದೆ. ಗೋಲಿಯಷ್ಟು ಬೆಲ್ಲ, ಚಿಟಿಕೆ ಪುಡಿ. ಕೈ ದೊಡ್ಡದಾಗದಂತೆ ಹಲ್ಲು ಕಚ್ಚಿ ಹಾಕುತ್ತಿದ್ದೆ. ಹಾಕುವಾಗ ಅದರ ಜೊತೆ ಮಾತಾಡುತ್ತಿದ್ದೆ. ಅದನ್ನೂ ಹೇಳಿಬಿಡುತ್ತೇನೆ, ನಾಚಿಕೆ ಏನು ಬಂತು?

ವರ್ಷದ ಎಡೆಗೆ ಅತ್ತೆ ಬಂದಳು. ಮಗಳು ಹೋದ ಮೇಲೆ ಮುದುಕಿ ಅರ್ಧಕ್ಕೆ ಇಳಿದಿದ್ದಳು. ಫೋಟೊದ ಮುಂದೆ ಹೋಳಿಗೆ, ಹಾಲು, ತುಪ್ಪ ಎಲ್ಲ ಇಟ್ಟು ಕೈಮುಗಿದೆವು. ಆಮೇಲೆ ಅವಳ ಮನಸ್ಸಿಗೆ ಸಮಾಧಾನವಾಗಲೆಂದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಡಬ್ಬಿ ತೋರಿಸಿದೆ. "ಇದು ಆಕಿ ಕೈಲೆ ಬೆಳಸಿದ್ದು ಅತ್ತಿ. ಇನ್ನೂ ಜೀವಂತ ಐತಿ."

ಅತ್ತೆ ಡಬ್ಬಿಯನ್ನು ಸವರಿದಳು. "ಏನ ಉಣ್ತೈತೋ?"

ಹೇಳಿದೆ.

"ಹದಿನೈದು ದಿನಕ್ಕ ಗೋಲಿಯಷ್ಟು ಬೆಲ್ಲ?" ಅವಳ ಮುಖ ಕಪ್ಪಿಟ್ಟಿತು. ಗಡಿಯ ಊರಿನವಳು, ದುಃಖ ಹೆಚ್ಚಾದರೆ ಮರಾಠಿ ಬರುತ್ತದೆ. "ಪೋರ ಉಪಾಶಿ ಆಹೆ ಮಾಝಿ," ಎಂದಳು. ನನ್ನ ಕೂಸು ಉಪವಾಸ ಐತಿ ಎಂದು. ಹಾಗಲ್ಲ ಅತ್ತಿ, ಹಸಿವಿನಲ್ಲಿಟ್ಟರೇ ಅವು ಬದುಕುತ್ತವೆ ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ತಿಳಿಯಿತೆಂದುಕೊಂಡು ನಾನು ಚಾಟ್ನಿಗೆ, ಅಂದರೆ ಬಳ್ಳಿ ಕತ್ತರಿಸುವ ಕೆಲಸಕ್ಕೆ ಆಳು ಕರೆಯಲು ಊರೊಳಗೆ ಹೋದೆ.

ಅತ್ತೆ ಮರುದಿನ ಊರಿಗೆ ಹೋದಳು. ಎರಡು ದಿನ ಬಿಟ್ಟು ಕೊಟ್ಟಿಗೆಯ ಬಾಗಿಲು ತೆಗೆದರೆ ವಾಸನೆ ಮೂಗಿಗೆ ಬಡಿಯಿತು. ಡಬ್ಬಿ ಉಬ್ಬಿ ನಿಂತಿತ್ತು. ಮುಚ್ಚಳ ಸಡಿಲಿಸಿದರೆ ಬುಸ್ಸೆಂದು ನೊರೆ ಕೈಮೇಲೆ ಬಂತು. ನೊರೆಯಲ್ಲಿ ಕಡಲೆಬೇಳೆಯ ಹೂರಣ, ಒಡೆದ ಹಾಲು, ಮೇಲೆ ತುಪ್ಪದ ಕಣ್ಣು. ಮುದುಕಿ ಮಗಳಿಗೆ ಹೊಟ್ಟೆತುಂಬ ಬಡಿಸಿದ್ದಳು.

ಅಯ್ಯೋ, ಆ ದಿನ ನಾನು ಬೈದ ಬೈಗುಳ ದೇವರೇ ಬಲ್ಲ. ಬೈಯುತ್ತಲೇ ನೊರೆ ಬಳಿದೆ, ಮೇಲಿನ ನೀರು ಬದಲಾಯಿಸಿದೆ, ಡಬ್ಬಿಯನ್ನೇ ಚಿಕ್ಕೋಡಿಗೆ ಒಯ್ದು ಲ್ಯಾಬಿನಲ್ಲಿ ಬಿಟ್ಟುಬಂದೆ. ಗೆಳತಿ ಮತ್ತೆ ತಟ್ಟೆಗೆ ಸವರಿದಳು. ಅವಳು ಕರೆಯುವವರೆಗೆ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ಹೋಗಿ ನೋಡಿದರೆ ತಟ್ಟೆಯ ತುಂಬ ದಪ್ಪ ಬಿಳಿ ಚುಕ್ಕೆಗಳು. ಒಂದಕ್ಕೂ ಉಂಗುರವಿಲ್ಲ.

"ಇವು ಬ್ಯಾರೆ ಅಣ್ಣಾ. ಬರೀ ಹುಳಿ ಬರಸೋವು. ಅಕ್ಕಂದು ಇದರಾಗ ಉಳದಿಲ್ಲ."

"ತೋಟದ ಮಣ್ಣಾಗ ಇದ್ದಾವಲ್ಲ? ಆಕಿನs ಬಿಟ್ಟಾಳ."

"ಅಲ್ಲಿ ಸಾವಿರ ನಮೂನಿ ಅದಾವ. ಆಕಿದು ಯಾವುದು ಅಂತ ನಾ ಹೆಂಗ ಹೇಳ್ಲಿ?" ಎಂದು ಅವಳೂ ಕಣ್ಣು ಒರೆಸಿಕೊಂಡಳು.

ಡಬ್ಬಿಯನ್ನು ಅಲ್ಲಿಯೇ ನಲ್ಲಿಯ ಕೆಳಗೆ ಚೆಲ್ಲಿ ತೊಳೆದೆ. ಗಾಡಿ ಐಗಳಿಯ ಕಡೆ ತಿರುಗಲಿಲ್ಲ, ನಿಪ್ಪಾಣಿಯ ಕಡೆ ತಿರುಗಿತು. ಕೊಗನೊಳ್ಳಿ ಮುಟ್ಟುವವರೆಗೂ ಅತ್ತೆಗೆ ಏನು ಹೇಳಬೇಕೆಂದು ಒಂದೊಂದೇ ಮಾತು ಮಸೆಯುತ್ತ ಹೋದೆ. ಹೇಳಿದ್ದೆನಲ್ಲ? ತಿಳಿಸಿ ಹೇಳಿದ್ದೆನಲ್ಲ? ಒಮ್ಮೆ ಅವಳು ಸತ್ತದ್ದು ಸಾಲದೆಂದು ಎರಡನೇ ಸಲವೂ ಕೊಂದೆಯಲ್ಲ ಎಂದು ಮುಖಕ್ಕೆ ಹೊಡೆದಂತೆ ಕೇಳಬೇಕೆಂದಿದ್ದೆ.

ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಿನಲ್ಲಿ ಆ ವರ್ಷ ನಾನು ಕಾಣದ ಬೆಳಕಿತ್ತು.

"ಉಂಡಳೇನೋ?" ಎಂದಳು. "ನಿನಗ ಹೇಳಲಾರದ ಬಡಿಸಿ ಬಂದೆ, ಸಿಟ್ಟಾಗಬ್ಯಾಡ. ನನ್ನ ಕೈಲೆ ಉಂಡು ವರ್ಷ ಆಗಿತ್ತು ಆಕಿ. ಖರೇ ಹೇಳು, ಉಂಡಳೇನು?"

ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ನಾನೂ ಪಕ್ಕದಲ್ಲಿ ಕುಳಿತೆ.

"ಉಂಡಾಳ ಅತ್ತಿ. ಹೊಟ್ಟಿ ತುಂಬ ಉಂಡಾಳ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾರ ಅಮಾಸಿಗೆ ಮತ್ತ ಬರ್ತೀನಿ," ಎಂದಳು.

ಈಗ ಪ್ರತಿ ಅಮಾವಾಸ್ಯೆಗೆ ಬಸ್ಸು ಬದಲಿಸುತ್ತ ಬರುತ್ತಾಳೆ, ಮಡಿಲಲ್ಲಿ ಹೂರಣದ ಗಂಟು ಇಟ್ಟುಕೊಂಡು. ಅವಳು ಬರುವ ಮುನ್ನಾದಿನ ನಾನು ಡಬ್ಬಿಗೆ ಬರೀ ನೀರು ತುಂಬಿಸಿ ಕೊಟ್ಟಿಗೆಯಲ್ಲಿ ಇಡುತ್ತೇನೆ.