ಮುಚ್ಚಿದ ಮನೆಯಲ್ಲಿ ಉಕ್ಕಿದ ಹಾಲು

ಶಕುನ, ಪವಾಡ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಎದ್ದು ಹೋಗುತ್ತಿದ್ದವಳು ನಾನು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡುತ್ತಿದ್ದ ನನಗೆ ಅದನ್ನೆಲ್ಲ ಕೇಳುವ ತಾಳ್ಮೆ ಇರಲಿಲ್ಲ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡನಿಗೆ ಕಡಲಿನ ಹುಚ್ಚು ಹಿಡಿದಿತ್ತು. ಕನ್ನಂಬಾಡಿ ಕಟ್ಟೆಯ ನೀರು ಬಿಟ್ಟರೆ ಬೇರೆ ನೀರು ಕಾಣದೆ ಬೆಳೆದ ಮನುಷ್ಯ! ಅವರ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರ ಬಾಯಲ್ಲೂ ಶೋರ್‌ಗೆ ಹೋಗಿಬಂದ ಸುದ್ದಿಯೇ. ನ್ಯೂಜೆರ್ಸಿಯ ಕರಾವಳಿಯನ್ನು ಅಲ್ಲಿನವರು ಹಾಗೆ ಕರೆಯುತ್ತಾರೆ. ಮರಳಿನ ದಿಬ್ಬಗಳು, ಜೊಂಡು ಬೆಳೆದ ಉಪ್ಪುನೀರಿನ ಬಯಲು, ದಂಡೆಯುದ್ದಕ್ಕೂ ಹಲಗೆ ಹಾಸಿದ ಕಾಲುದಾರಿ, ಮರದ ಕಂಬಗಳ ಮೇಲೆ ನಿಂತ ಪುಟ್ಟ ಪುಟ್ಟ ಮನೆಗಳು. ಬೇಸಿಗೆ ಬಂತೆಂದರೆ ನ್ಯೂಯಾರ್ಕಿನ ಅರ್ಧ ಜನ ಅಲ್ಲೇ. ರಜೆ ಕಳೆಯಲು ನಮಗೂ ಅಂಥದ್ದೊಂದು ಮನೆ ಬೇಕೆಂದು ಇವರ ಆಸೆ. ಪತ್ರಿಕೆಯಲ್ಲಿ ಬರುವ ಜಾಹೀರಾತುಗಳನ್ನು ಕತ್ತರಿಸಿ ಊಟದ ಮೇಜಿನ ಮೇಲೆ ಇಡುತ್ತಿದ್ದರು. ನಾನು ಅವುಗಳ ಮೇಲೆ ಸಾರಿನ ಪಾತ್ರೆ ಇಡುತ್ತಿದ್ದೆ.

ನನ್ನ ಸಿಡುಕಿಗೆ ಕಾರಣವಿತ್ತು. ಹಿಂದಿನ ವರ್ಷ ನಮ್ಮ ಮಗು ತಿಂಗಳು ತುಂಬಿ ಹುಟ್ಟಿಯೂ ಉಸಿರಾಡಲಿಲ್ಲ. ಆಮೇಲೆ ನನಗೆ ಆ ದೇಶವೇ ಬೇಡವಾಯಿತು. ಇವರು ದುಃಖ ಮರೆಯಲು ಮನೆ ಹುಡುಕುತ್ತಿದ್ದರು, ನಾನು ಮನೆ ಎಂಬ ಮಾತು ಬಂದರೇ ವಿಷಯ ಬದಲಿಸುತ್ತಿದ್ದೆ. ನನ್ನ ಆರೈಕೆಗೆಂದು ಬಂದಿದ್ದ ಅತ್ತೆ ಮೇ ತಿಂಗಳಲ್ಲಿ ಮೈಸೂರಿಗೆ ಹಿಂದಿರುಗುವವರಿದ್ದರು. ಅವರ ಜೊತೆ ನಾನೂ ಹೊರಟುಬಿಡುವುದು, ಮತ್ತೆ ಬರದಿರುವುದು ಎಂದು ಒಳಗೊಳಗೇ ನಿಶ್ಚಯಿಸಿದ್ದೆ. ಇವರಿಗೆ ಇನ್ನೂ ಹೇಳಿರಲಿಲ್ಲ. ಮಾರ್ಚ್ ತಿಂಗಳ ಒಂದು ಶನಿವಾರ ಮನೆ ನೋಡಲು ಹೊರಡಲು ಒಪ್ಪಿದ್ದು ಕೂಡ, ವಾಪಸು ಬರುವಾಗ ಕಾರಿನಲ್ಲಿ ಹೇಳಿ ಮುಗಿಸೋಣವೆಂದೇ.

ಎಡವಟ್ಟಾದದ್ದು ಅತ್ತೆಯಿಂದ. ಎರಡು ಗಂಟೆ ಕಾರಿನಲ್ಲಿ ಕೂತು, ಬರೀ ನೋಡಿಕೊಂಡು ಬರಲು ಯಾರಾದರೂ ಹೋಗುತ್ತಾರೆಯೇ? ಮನೆ ಗೊತ್ತುಮಾಡಿಯಾಗಿದೆ, ಇವತ್ತು ಪ್ರವೇಶ ಎಂದೇ ಅವರು ತಿಳಿದಿದ್ದರು. ಅದು ನನಗೆ ಗೊತ್ತಾದದ್ದು ಆ ಮನೆಯ ಅಡುಗೆಮನೆಯಲ್ಲಿ, ಅವರು ಚೀಲ ಬಿಚ್ಚಿದಾಗ.

ಕಡಲಿಗೆ ಎರಡು ಬೀದಿ ಈಚೆಗೆ, ಬಿಳಿ ಬಣ್ಣ ಸುಲಿದು ನಿಂತಿದ್ದ ಮನೆ ಅದು. ಚಳಿಗಾಲಕ್ಕೆಂದು ಮುಚ್ಚಿದ್ದರು. ಹಾಸಿಗೆಗಳನ್ನು ಸುರುಳಿ ಸುತ್ತಿಟ್ಟಿದ್ದರು. ಎಲ್ಲೆಲ್ಲೂ ನುಸಿಗುಳಿಗೆಯ ವಾಸನೆ. ಹೆಪ್ಪುಗಟ್ಟಿ ಪೈಪು ಒಡೆಯದಿರಲೆಂದು ನೀರನ್ನೆಲ್ಲ ಬಸಿದುಬಿಟ್ಟಿದ್ದರು. ಮನೆ ತೋರಿಸಲು ಬಂದಿದ್ದ ಏಜೆಂಟ್ ವಯಸ್ಸಾದ ಹೆಂಗಸು. ಆಕೆ ಇವರನ್ನು ಕರೆದುಕೊಂಡು ಹಿತ್ತಲಿಗೆ ಹೋದಾಗ ಒಳಗೆ ನಾನು, ಅತ್ತೆ ಇಬ್ಬರೇ ಉಳಿದೆವು.

ಅತ್ತೆ ಚೀಲದಿಂದ ಪುಟ್ಟ ಸ್ಟೀಲ್ ಪಾತ್ರೆ, ಫ್ಲಾಸ್ಕಿನಲ್ಲಿ ತಣ್ಣನೆಯ ಹಾಲು, ಸಕ್ಕರೆ, ಕುಂಕುಮದ ಭರಣಿ, ಬೆಂಕಿಪೊಟ್ಟಣ ಒಂದೊಂದಾಗಿ ತೆಗೆದರು. ಒಲೆಗೆ ಕುಂಕುಮ ಇಟ್ಟರು.

“ಅತ್ತೆ, ಸುಮ್ನಿರಿ. ಇದಿನ್ನೂ ನಮ್ಮನೆ ಅಲ್ಲ” ಎಂದೆ.

“ಹಾಲುಕ್ಕಿಸಿದ್ಮೇಲೆ ಆಗತ್ತೆ ಬಿಡು. ಪೂರ್ವ ಯಾವ ಕಡೆ, ಅದು ಹೇಳು” ಎಂದರು.

ಕಿಟಕಿಯಾಚೆ ಕಡಲಿನತ್ತ ಕೈ ತೋರಿಸಿದೆ. ನಮ್ಮ ಕಡೆ ಸೂರ್ಯ ಮುಳುಗುವ ಕಡಲನ್ನೇ ಕೇಳಿ ಗೊತ್ತಿದ್ದ ಅವರಿಗೆ ಸೂರ್ಯ ಹುಟ್ಟುವ ಈ ಕಡಲು ಬಹಳ ಹಿಡಿಸಿತು. ಒಲೆಯ ನಾಬ್ ತಿರುಗಿಸಿ ಕಡ್ಡಿ ಗೀರಿದರು. ಒಲೆ ಹೊತ್ತಿಕೊಂಡಿತು. ಸಣ್ಣಗೆ ನೀಲಿ ಉರಿ, ಸುತ್ತಲೂ ಸಮನಾಗಿ. ಆಗ ನನಗೆ ವಿಚಿತ್ರವೇನೂ ಅನ್ನಿಸಲಿಲ್ಲ, ಏಜೆಂಟ್ ಬಂದರೆ ಏನು ಸಬೂಬು ಹೇಳುವುದು ಎಂಬುದೇ ಚಿಂತೆ. ಹಾಲು ಕಾಯಲು ಹಿಡಿಯುವಷ್ಟು ಹೊತ್ತೇ ಹಿಡಿಯಿತು. ಆಮೇಲೆ ಉಕ್ಕಿ, ಪೂರ್ವಕ್ಕೇ ಚೆಲ್ಲಿತು. ಗಾಬರಿಯಿಂದ ಪಾತ್ರೆ ಇಳಿಸಲು ಹೋಗಿ ನಾನು ಬೆರಳು ಸುಟ್ಟುಕೊಂಡೆ.

ಅತ್ತೆ ಒಲೆ ಆರಿಸಿದರು. ಸಕ್ಕರೆ ಬೆರೆಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ, “ಮೊದಲು ನೀನು ಕುಡಿ ತಾಯಿ” ಎಂದು ನನ್ನ ಕೈಗಿಟ್ಟರು. ಮಗು ಹೋದಾಗಿನಿಂದ ಯಾರೆದುರೂ ಒಂದು ಹನಿ ಕಣ್ಣೀರು ಹಾಕದಿದ್ದ ನಾನು, ಬೇರೆ ಯಾರದೋ ಅಡುಗೆಮನೆಯಲ್ಲಿ ನಿಂತು, ಬಿಸಿ ಹಾಲು ಕುಡಿಯುತ್ತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರು ಬೆನ್ನು ಸವರುತ್ತ ನಿಂತಿದ್ದರು.

ಅಷ್ಟರಲ್ಲಿ ಏಜೆಂಟ್ ಒಳಗೆ ಬಂದರು. ಒಲೆಯ ಮೇಲೆ ಚೆಲ್ಲಿದ್ದ ಹಾಲು ಕಂಡು ಸಿಟ್ಟಾಗಲಿಲ್ಲ, ಪಿಕ್ನಿಕ್ ಸ್ಟೋವ್ ತಂದಿದ್ದೀರಾ ಎಂದು ಕೇಳಿದರು. ಇಲ್ಲ, ಇದೇ ಒಲೆ ಎಂದೆ. ಆಕೆ ನಕ್ಕರು. ಆ ಮನೆಯ ಗ್ಯಾಸನ್ನು ಅಕ್ಟೋಬರಿನಲ್ಲೇ ತೆಗೆಸಿಬಿಟ್ಟಿದ್ದರಂತೆ. ನಾನು ನಂಬಲಿಲ್ಲ. ಹೊರಗೆ ಕರೆದೊಯ್ದು ಗೋಡೆ ತೋರಿಸಿದರು. ಮೀಟರೇ ಇರಲಿಲ್ಲ. ಪೈಪನ್ನು ಕತ್ತರಿಸಿ, ಬಾಯಿಗೆ ಮುಚ್ಚಳ ಹಾಕಿ ಬಿಗಿದಿದ್ದರು, ಅದೂ ತುಕ್ಕು ಹಿಡಿದಿತ್ತು. ನನ್ನ ಗಂಡ ಒಳಗೆ ಬಂದು ಒಲೆಯ ನಾಲ್ಕೂ ಬರ್ನರಿಗೆ ಕಡ್ಡಿ ಗೀರಿ ನೋಡಿದರು. ಒಂದೂ ಹೊತ್ತಲಿಲ್ಲ. ಒಲೆಯನ್ನೇ ಗೋಡೆಯಿಂದ ಎಳೆದು ಹಿಂದೆ ಇಣುಕಿದರು. ಸಿಲಿಂಡರ್ ಇಲ್ಲ, ಏನೂ ಇಲ್ಲ, ಜೇಡರ ಬಲೆ ಮಾತ್ರ. “ನಿಂಗೆ ಸರಿಯಾಗಿ ತಿರುಗಿಸಕ್ಕೆ ಬರಲ್ಲ ಕಣೋ, ಅಷ್ಟೆ” ಎಂದು ಅತ್ತೆ ಮಗನನ್ನು ಗದರಿದರು.

ಇಷ್ಟೂ ವರ್ಷ ನಾನು ಇದಕ್ಕೆ ವಿವರಣೆ ಹುಡುಕುತ್ತಲೇ ಇದ್ದೇನೆ. ಪೈಪಿನಲ್ಲಿ ಚೂರುಪಾರು ಗ್ಯಾಸ್ ಉಳಿದಿರಬಹುದು ಎಂದರು ಒಬ್ಬ ಎಂಜಿನಿಯರ್ ಸ್ನೇಹಿತರು. ಕೂತು ಲೆಕ್ಕ ಹಾಕಿದೆ. ಅಷ್ಟು ಗ್ಯಾಸಿನಲ್ಲಿ ಕಡ್ಡಿಯ ತುದಿಯಷ್ಟು ಉರಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತರೆ ಹೆಚ್ಚು, ಅರ್ಧ ಸೇರು ತಣ್ಣನೆಯ ಹಾಲು ಉಕ್ಕುವುದಿಲ್ಲ. ದುಃಖದಲ್ಲಿದ್ದವರಿಗೆ ಇಲ್ಲದ್ದು ಕಾಣುತ್ತದೆ ಎಂದರು ನಮ್ಮ ಡಾಕ್ಟರು. ಇರಬಹುದು. ಆದರೆ ಚೆಲ್ಲಿದ ಹಾಲನ್ನು ಒರೆಸಿದ್ದು ಆ ಏಜೆಂಟ್, ಆಕೆಗೆ ನನ್ನ ದುಃಖ ಗೊತ್ತೇ ಇರಲಿಲ್ಲ. ಬೆರಳಿನ ಬೊಬ್ಬೆ ಒಂದು ವಾರ ಇತ್ತು. ದೇವರು ಮಾಡಿದ್ದು ಎನ್ನಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಅದು ನಡೆಯಲೇ ಇಲ್ಲ ಎನ್ನಲೂ ಏಳುವುದಿಲ್ಲ.

ಅವತ್ತು ವಾಪಸು ಬರುವಾಗ ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಇವರು ಡ್ರೈವ್ ಮಾಡುತ್ತಿದ್ದರು. ನಾನು ಏನೋ ಹೇಳಲಿದ್ದೇನೆಂದು ಅವರಿಗೆ ಮೊದಲೇ ಗುಮಾನಿ ಇತ್ತೆಂದು ಆಮೇಲೆ ತಿಳಿಯಿತು. ಕೊನೆಗೆ, ರಸ್ತೆಯ ಮೇಲೇ ಕಣ್ಣು ನೆಟ್ಟು, “ಏನಂತೀಯ?” ಎಂದು ಮೆಲ್ಲಗೆ ಕೇಳಿದರು. ಒಂದು ತಿಂಗಳಿಂದ ಮನಸ್ಸಿನಲ್ಲಿ ಉರುಹೊಡೆದಿದ್ದ ಮಾತುಗಳು ನನ್ನ ಬಾಯಿಗೆ ಬರಲಿಲ್ಲ.

“ಬೇಸಿಗೆ ಹೊತ್ತಿಗೆ ಗ್ಯಾಸ್ ಹಾಕಿಸ್ಬೇಕು ರೀ” ಎಂದೆ.